ಡೆಕ್ ಮೇಲಿನ ಮೊದಲ ಗಂಟೆ: ಸಾಗರತಳದ ಕಲ್ಲನ್ನು ನೋಡುವ ಬಗೆ

ಸಾಗರತಳದ ಜ್ವಾಲಾಮುಖಿಗಳ ಮೇಲೆ ಸಂಶೋಧನೆ ಮಾಡಬೇಕೆಂದು ಬರುವ ವಿದ್ಯಾರ್ಥಿಗಳು ಮೊದಲು ಕೇಳುವುದು ಯಂತ್ರಗಳ ವಿಷಯ. ಯಾವ ಮಾಸ್ ಸ್ಪೆಕ್ಟ್ರೋಮೀಟರ್ ಕಲಿಯಬೇಕು, ಯಾವ ಸಾಫ್ಟ್‌ವೇರ್ ಗೊತ್ತಿರಬೇಕು? ನಾನು ಅವರ ಕೈಗೆ ಒಂದು ಬಸಾಲ್ಟ್ (ಲಾವಾ ತಣಿದಾದ ಕಪ್ಪು ಕಲ್ಲು) ತುಂಡು, ಒಂದು ಲೆನ್ಸ್, ಒಂದು ಪೆನ್ಸಿಲ್ ಕೊಟ್ಟು ಕೂರಿಸುತ್ತೇನೆ. ನೆಲದ ಮೇಲೆ ಕೆಲಸ ಮಾಡುವವರು ಬಂಡೆಯ ಮುಂದೆ ನಿಂತು ಅದರ ಮೇಲೇನಿದೆ, ಕೆಳಗೇನಿದೆ ಎಂದು ನೋಡಬಹುದು, ಸಂಶಯ ಬಂದರೆ ನಾಳೆ ಮತ್ತೆ ಹೋಗಬಹುದು. ಮೂರು ಕಿಲೋಮೀಟರ್ ಆಳದಿಂದ ಬಂದ ಕಲ್ಲು ತನ್ನ ನೆಲೆಯನ್ನು ಕಳಚಿಕೊಂಡೇ ಬರುತ್ತದೆ. ಆ ನೆಲೆಯ ಬಗ್ಗೆ ಉಳಿದಿರುವ ಸುಳಿವುಗಳಲ್ಲಿ ಹೆಚ್ಚಿನವು ಕಲ್ಲು ಹಡಗಿನ ಡೆಕ್ ಮೇಲೆ ಬಿದ್ದ ಮೊದಲ ಗಂಟೆಯಲ್ಲಿ ಕಣ್ಣಿಗೆ ಕಾಣುತ್ತವೆ. ಆಗ ಬರೆದುಕೊಳ್ಳದಿದ್ದರೆ ಆಮೇಲೆ ಯಾವ ಪ್ರಯೋಗಾಲಯವೂ ಅವನ್ನು ತುಂಬಿಕೊಡಲಾರದು.

ಕಲ್ಲಿಗಿಂತ ಮೊದಲು ನಕ್ಷೆ. 2024ರ ಹೊತ್ತಿಗೂ ಜಗತ್ತಿನ ಸಾಗರತಳದಲ್ಲಿ ಶಬ್ದದ ಪ್ರತಿಧ್ವನಿಯಿಂದ ಆಳ ಅಳೆಯುವ ಸೋನಾರ್‌ನಿಂದ ವಿವರವಾಗಿ ಅಳೆದದ್ದು ಶೇ 26ರಷ್ಟು ಮಾತ್ರ. ಹಾಗಾಗಿ ಜಾಗ ತಲುಪಿದ ಮೇಲೂ ಹಡಗು ಒಮ್ಮೆಗೇ ಅಗಲವಾದ ಪಟ್ಟಿಯನ್ನು ಅಳೆಯುವ ಮಲ್ಟಿಬೀಮ್ ಸೋನಾರ್ ಹಾಕಿಕೊಂಡು ಹಿಂದೆ ಮುಂದೆ ಓಡಾಡುತ್ತದೆ. ಆ ವೇಳೆಯಲ್ಲಿ ನಿದ್ದೆಗೆ ಹೋಗಬೇಡಿ. ನಕ್ಷೆ ಪರದೆಯ ಮೇಲೆ ಪಟ್ಟಿಪಟ್ಟಿಯಾಗಿ ಮೂಡುವಾಗ ಪಕ್ಕದಲ್ಲಿ ಕುಳಿತು ಕಡಿದಾದ ಇಳಿಜಾರುಗಳನ್ನು ಗುರುತು ಹಾಕಿ. ಕಲ್ಲು ತರಲು ಅಲ್ಲಿ ಇಳಿಸುವ ಡ್ರೆಜ್ ಎಂದರೆ ಉಕ್ಕಿನ ಚೌಕಟ್ಟಿಗೆ ಸರಪಳಿಯ ಚೀಲ ಕಟ್ಟಿದ ಸಾಧನ, ಅಷ್ಟೇ. ಸಮತಟ್ಟಾದ ಜಾಗದಲ್ಲಿ ಎಳೆದರೆ ಹೂಳು ತುಂಬಿಕೊಂಡು ಬರುತ್ತದೆ. ಇಳಿಜಾರಿನ ಬುಡದಿಂದ ಮೇಲ್ಮುಖವಾಗಿ ಎಳೆದರೆ ಬಂಡೆಯ ಅಂಚನ್ನು ಕಚ್ಚುತ್ತದೆ. ಕಚ್ಚಿದಾಗ ತಂತಿಹಗ್ಗದ ಬಿಗಿತ ತೋರಿಸುವ ಗೆರೆ ಥಟ್ಟನೆ ಮೇಲೇರಿ ಇಳಿಯುತ್ತದೆ. ಹಾಗೆ ಏರಿದಾಗಲೆಲ್ಲ ಸಮಯ, ಹಡಗಿನ ಸ್ಥಾನ, ನೀರಿನ ಆಳ, ಬಿಟ್ಟಿರುವ ಹಗ್ಗದ ಉದ್ದ, ಈ ನಾಲ್ಕನ್ನೂ ಬರೆಯಿರಿ. ವರ್ಷಗಳ ನಂತರ ಪ್ರಬಂಧದ ವಿಮರ್ಶಕರು 'ಈ ಕಲ್ಲು ಇಳಿಜಾರಿನ ಯಾವ ಭಾಗದ್ದು?' ಎಂದು ಕೇಳಿದಾಗ ನಿಮ್ಮ ಬಳಿ ಇರುವ ಉತ್ತರ ಆ ಪುಟ ಮಾತ್ರ. ದೂರನಿಯಂತ್ರಿತ ಜಲವಾಹನದ ಯಾಂತ್ರಿಕ ತೋಳು ಎತ್ತಿದ ಕಲ್ಲಾದರೆ ಕೆಲಸ ಸುಲಭ. ವಿಡಿಯೊದ ಸಮಯ ದಾಖಲಿಸಿಕೊಂಡರೆ ಅದು ಯಾವ ಮಗ್ಗುಲಾಗಿ ಮಲಗಿತ್ತು ಎಂಬುದೂ ತಿಳಿಯುತ್ತದೆ.

ಚೀಲ ಬಿಚ್ಚುವ ಮುನ್ನ ಕಣ್ಣಿಗೆ ರಕ್ಷಣಾ ಕನ್ನಡಕ, ಕೈಗೆ ದಪ್ಪ ಗವುಸು ಹಾಕಿಕೊಳ್ಳಿ. ಜ್ವಾಲಾಮುಖಿಯ ಗಾಜು ಬ್ಲೇಡಿನಂತೆ ಕೊಯ್ಯುತ್ತದೆ. ಕೆಲವು ಕಲ್ಲುಗಳು ಸಿಡಿಯುವುದೂ ಉಂಟು. ಮಧ್ಯ ಅಟ್ಲಾಂಟಿಕ್ ಪರ್ವತಶ್ರೇಣಿಯಲ್ಲಿ 14 ಡಿಗ್ರಿ ಉತ್ತರದ ಬಳಿ ಸಿಕ್ಕ ಬಸಾಲ್ಟ್ ಹಾಗೆ ಸಿಡಿದೇ ಹೆಸರಾಯಿತು. ಅದರ ಗುಳ್ಳೆಗಳಲ್ಲಿ ಸೆರೆಯಾಗಿದ್ದ ಅನಿಲ, ಹೊರಗಿನ ಒತ್ತಡ ಇಳಿದೊಡನೆ ಗಾಜಿನ ಗೋಡೆ ಒಡೆದು ಹೊರಬಂತು. ಭೂಮಿಯ ಹೊರಚಿಪ್ಪಿನ ಕೆಳಗಿನ ದಪ್ಪ ಪದರವಾದ ಮ್ಯಾಂಟಲ್‌ನಲ್ಲಿರುವ ಅನಿಲಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಮುಖ್ಯವಾದ ಒಂದು ಪಾಲು ಆ ಕಲ್ಲಿನಿಂದ ಬಂದದ್ದು.

ಸುತ್ತಿಗೆಯನ್ನು ಸದ್ಯಕ್ಕೆ ದೂರವಿಡಿ. ಮೊದಲು ಕಲ್ಲನ್ನು ತಿರುಗಿಸಿ ತಿರುಗಿಸಿ ಎಲ್ಲ ಮುಖಗಳನ್ನೂ ನೋಡಿ. ಸಾಗರದ ನೀರಿಗೆ ತೆರೆದುಕೊಂಡ ಬಂಡೆಯ ಮೇಲೆ ಕಬ್ಬಿಣ ಮತ್ತು ಮ್ಯಾಂಗನೀಸಿನ ಕಪ್ಪು ಲೇಪ ಬೆಳೆಯುತ್ತದೆ, ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರಿನಷ್ಟು ನಿಧಾನವಾಗಿ. ಆ ಲೇಪ ಸುತ್ತಲೂ ಇದ್ದರೆ ಕಲ್ಲು ಎಂದೋ ಮುರಿದು ಉರುಳಿ, ಇಳಿಜಾರಿನಲ್ಲಿ ಬಿಡಿಯಾಗಿ ಬಿದ್ದಿತ್ತು ಎಂದು ಅರ್ಥ. ಅದು ಮೇಲಿನ ಯಾವುದೋ ಲಾವಾ ಹರಿವಿನಿಂದ ಬಂದಿರಬಹುದು. ಲೇಪ ಒಂದೇ ಕಡೆಯಿದ್ದು ಇನ್ನೊಂದು ಮುಖ ಈಗಷ್ಟೇ ಮುರಿದಂತೆ ಹೊಸದಾಗಿದ್ದರೆ ಡ್ರೆಜ್ ಅದನ್ನು ಮೂಲ ಬಂಡೆಯಿಂದಲೇ ಕಿತ್ತಿರುವ ಸಂಭವ ಹೆಚ್ಚು. ಈ ಎರಡು ಬಗೆಯ ಕಲ್ಲುಗಳನ್ನು ಒಂದೇ ಬಕೆಟ್ಟಿಗೆ ಹಾಕಿದರೆ ಜ್ವಾಲಾಮುಖಿಯ ಎರಡು ಬೇರೆ ಬೇರೆ ಉದ್ಗಾರಗಳ (ಲಾವಾ ಉಕ್ಕುವಿಕೆಗಳ) ರಾಸಾಯನಿಕ ಸಂಯೋಜನೆ ಒಂದೇ ರೇಖಾಚಿತ್ರದಲ್ಲಿ ಸೇರಿಹೋಗುತ್ತದೆ. ಈ ವಿಂಗಡಣೆಯಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಈಗ ನೀರಿನಡಿ ದಿಂಬಿನಾಕಾರದಲ್ಲಿ ಗಟ್ಟಿಯಾದ ದಿಂಬುಲಾವಾದ ಒಂದು ಒಳ್ಳೆಯ ತುಂಡನ್ನು ಆರಿಸಿ, ಹೊರಚರ್ಮದಿಂದ ಒಳಕ್ಕೆ ಓದುತ್ತ ಹೋಗಿ. ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ನ ಲಾವಾ ಎರಡು ಡಿಗ್ರಿಯ ನೀರನ್ನು ಮುಟ್ಟಿದಾಗ ಹೊರಪದರಕ್ಕೆ ಹರಳುಗಟ್ಟಲು ಪುರಸೊತ್ತೇ ಇರುವುದಿಲ್ಲ. ಅದು ಗಾಜಾಗುತ್ತದೆ. ಕಪ್ಪಗೆ ಹೊಳೆಯುವ ಈ ಪದರ ಸಾಮಾನ್ಯವಾಗಿ ಕೆಲವು ಮಿಲಿಮೀಟರಿನಿಂದ ಒಂದು ಸೆಂಟಿಮೀಟರ್ ದಪ್ಪ. ಅಂಚಿನಲ್ಲಿ ಹಳದಿ ಅಥವಾ ಕಿತ್ತಳೆ ಬಣ್ಣ ಕಂಡರೆ ಗಾಜು ನೀರು ಕುಡಿದು ಪ್ಯಾಲಗೊನೈಟ್ ಆಗತೊಡಗಿದೆ. ಗಾಜಿನ ಒಳಗಡೆ ಸಾಸಿವೆ ಗಾತ್ರದ ಮಾಸಲು ಉಂಡೆಗಳು ಒಂದಕ್ಕೊಂದು ಅಂಟಿಕೊಂಡ ಪಟ್ಟಿಯಿರುತ್ತದೆ. ಹರಳುಗಳು ಹುಟ್ಟಲು ಶುರುವಾದದ್ದು ಅಲ್ಲಿ. ಅದಕ್ಕೂ ಒಳಗೆ ಬೂದು ಬಣ್ಣದ ಬಸಾಲ್ಟ್, ನಡುನಡುವೆ ಹರಳುಗಳು: ಆಲಿವಿನ್‌ನ ಹಸಿರು ಚುಕ್ಕೆ, ಪ್ಲೇಜಿಯೊಕ್ಲೇಸ್‌ನ ಬಿಳಿ ಕಡ್ಡಿ. ಒಂದು ಅಂಗೈ ಅಗಲದಲ್ಲಿ ತಣಿಯುವಿಕೆಯ ಇಡೀ ಚರಿತ್ರೆಯಿದೆ. ಪೆನ್ಸಿಲಿನಿಂದ ಅದರ ಚಿತ್ರ ಬಿಡಿಸಿ. ಫೋಟೊ ಇರಲಿ, ಆದರೆ ಕೈಯಿಂದ ಬಿಡಿಸುವಾಗ ಪ್ರತಿ ಗೆರೆಯ ಬಗ್ಗೆಯೂ ತೀರ್ಮಾನ ಮಾಡಬೇಕಾಗುತ್ತದೆ, ನೋಡುವುದನ್ನು ಕಲಿಸುವುದು ಆ ತೀರ್ಮಾನ.

ಗುಳ್ಳೆಗಳನ್ನೂ ಗಮನಿಸಿ. ಪ್ರತಿ ಹತ್ತು ಮೀಟರ್ ನೀರು ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಸೇರಿಸುತ್ತದೆ. 2,500 ಮೀಟರ್ ಆಳದಲ್ಲಿ ಅದು 250 ಪಟ್ಟು. ಅಲ್ಲಿ ಸಾಮಾನ್ಯ ಲಾವಾದಲ್ಲಿ ಗುಳ್ಳೆಗಳು ಚಿಕ್ಕವು, ವಿರಳ. ಆಳದ ಕಲ್ಲಿನಲ್ಲಿ ಗುಳ್ಳೆಗಳು ತುಂಬಿದ್ದರೆ ಅನಿಲ ಹೆಚ್ಚಿದ್ದ ಶಿಲಾಪಾಕವೇ (ನೆಲದೊಳಗಿನ ಕರಗಿದ ಕಲ್ಲು), ಅಥವಾ ಎತ್ತರದಲ್ಲಿ ಹುಟ್ಟಿ ಕೆಳಗಿಳಿದ ಕಲ್ಲೇ ಎಂದು ಕೇಳಿಕೊಳ್ಳಿ.

ಪ್ರಯೋಗಾಲಯದಲ್ಲಿ ನಿಮ್ಮ ಚಿನ್ನ ಆ ಗಾಜು. ಒಳಭಾಗದಲ್ಲಿ ಹರಳುಗಳು ಅಲ್ಲಲ್ಲಿ ಗುಂಪುಗೂಡಿರುತ್ತವೆ, ಅದನ್ನು ಪುಡಿಮಾಡಿ ಅಳೆದರೆ ದ್ರವ ಎಷ್ಟು, ಹರಳು ಎಷ್ಟು ಎಂದು ಬಿಡಿಸಲಾಗದು. ಗಾಜು ಮಾತ್ರ ಆ ಕ್ಷಣದ ದ್ರವ ಹೇಗಿತ್ತೋ ಹಾಗೆ. ಸೂಕ್ಷ್ಮದರ್ಶಕದ ಕೆಳಗೆ ಚಿಮುಟದಿಂದ ಒಂದೊಂದೇ ಚೂರು ಆರಿಸಿ, ಅಂಚು ಹಳದಿಯಾದದ್ದನ್ನೆಲ್ಲ ಬಿಸಾಡಿ. ಬೇಸರದ ಕೆಲಸವೇ, ಆದರೆ ಫಲಿತಾಂಶದ ಗುಣ ನಿರ್ಧಾರವಾಗುವುದು ಇಲ್ಲಿ. ಎಲೆಕ್ಟ್ರಾನ್ ಕಿರಣ ಹಾಯಿಸಿ ಚೂರಿನ ಸಂಯೋಜನೆ ಅಳೆಯುವ ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಕೊಡುವ ಅಂಕಿಗಳಲ್ಲಿ ಮೊದಲು ಮೆಗ್ನೀಷಿಯಂ ಆಕ್ಸೈಡ್ ನೋಡಿ. ಹವಾಯಿಯ ಕಿಲಾವೆಯಾ ಜ್ವಾಲಾಮುಖಿಯ ಗಾಜುಗಳಲ್ಲಿ ಅದರ ಪಾಲು ಒಂದು ಶೇಕಡಾಂಶದಷ್ಟು (ಉದಾಹರಣೆಗೆ ತೂಕದ ಶೇ 8ರಿಂದ ಶೇ 7ಕ್ಕೆ) ಇಳಿದರೆ ಶಿಲಾಪಾಕ ಸುಮಾರು 20 ಡಿಗ್ರಿ ತಣ್ಣಗಿತ್ತು ಎಂದು ಲೆಕ್ಕ ಹಾಕುತ್ತಾರೆ.

ವಯಸ್ಸಿನ ವಿಷಯದಲ್ಲಿ ಮಾತ್ರ ಇದೇ ಗಾಜು ದಾರಿ ತಪ್ಪಿಸಬಲ್ಲದು. ಕಿಲಾವೆಯಾದ ನೀರಿನಡಿಯ ತೀರ ಈಚಿನ ದಿಂಬುಲಾವಾವನ್ನು ಪೊಟ್ಯಾಷಿಯಂ ಕಾಲಕ್ರಮೇಣ ಆರ್ಗಾನ್ ಆಗುವುದನ್ನು ನಂಬಿದ ಪೊಟ್ಯಾಷಿಯಂ-ಆರ್ಗಾನ್ ವಿಧಾನದಿಂದ ಅಳೆದಾಗ ಗಾಜಿನ ಅಂಚು ಲಕ್ಷಾಂತರ ವರ್ಷಗಳ ವಯಸ್ಸು ತೋರಿಸಿತು. 1968ರಲ್ಲೇ ಇದು ಪ್ರಕಟವಾಗಿದೆ. ನೀರಿನ ಒತ್ತಡ ಮತ್ತು ದಿಢೀರ್ ತಣಿಯುವಿಕೆಯಿಂದ ಹಳೆಯ ಆರ್ಗಾನ್ ಹೊರಹೋಗದೆ ಅಲ್ಲೇ ಸಿಕ್ಕಿಕೊಂಡಿತ್ತು. ಹೊಚ್ಚಹೊಸ ಲಾವಾಕ್ಕೆ ಪೊಲೋನಿಯಂ-210 ಒಳ್ಳೆಯ ಗಡಿಯಾರ. ಉದ್ಗಾರದಲ್ಲಿ ಅದು ಅನಿಲದೊಂದಿಗೆ ಹಾರಿಹೋಗಿ, ಬಳಿಕ ಕಲ್ಲಿನೊಳಗಿನ ಸೀಸ-210ರಿಂದ ಮತ್ತೆ ಕೂಡಿಕೊಳ್ಳುತ್ತದೆ. ಅದರ ಅರ್ಧಾಯು (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) 138 ದಿನ. ಆದ್ದರಿಂದ ಹೊಳಪು ಒಂದಿಷ್ಟೂ ಮಾಸದ, ಹೂಳಿನ ಧೂಳೂ ಕೂರದ ಗಾಜು ಕಂಡ ದಿನವೇ ಅದನ್ನು ಬೇರೆ ಚೀಲಕ್ಕೆ ಹಾಕಿ, ದಡ ಸೇರಿದ ಕೂಡಲೇ ಕಳುಹಿಸಬೇಕು.

ಕಲ್ಲಿನಿಂದ ಜ್ವಾಲಾಮುಖಿಗೆ ಹೋಗಬೇಕಾದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಮರಳಬೇಕು. ಅಮೆರಿಕದ ಆರೆಗಾನ್ ತೀರದಾಚೆಯ ಆಕ್ಸಿಯಲ್ ಜ್ವಾಲಾಮುಖಿ 1998, 2011, 2015ರಲ್ಲಿ ಉಕ್ಕಿತು. ಅಲ್ಲಿ ಒತ್ತಡಮಾಪಕಗಳನ್ನಿಟ್ಟು ತಳ ಉಬ್ಬುವುದನ್ನು ವರ್ಷಗಟ್ಟಲೆ ಅಳೆದವರು 2015ರ ಉದ್ಗಾರವನ್ನು ಮುಂಚೆಯೇ ಅಂದಾಜಿಸಿದ್ದರು. ಆ ಏಪ್ರಿಲ್‌ನಲ್ಲಿ ಉಬ್ಬಿದ್ದ ತಳ ಎರಡು ಮೀಟರಿಗೂ ಹೆಚ್ಚು ಕುಸಿಯಿತು. ಪ್ರತಿ ಉದ್ಗಾರದ ಹಿಂದು ಮುಂದಿನ ನಕ್ಷೆಗಳನ್ನು ಕಳೆದು ನೋಡಿದರೆ ಹೊಸ ಲಾವಾ ಎಲ್ಲಿ, ಎಷ್ಟು ದಪ್ಪ ಎಂದು ತಿಳಿಯುತ್ತದೆ. ಅಂಥ ಜಾಗದ ಕಲ್ಲಿಗೆ ಬೆಲೆ ಹೆಚ್ಚು, ಏಕೆಂದರೆ ಅದರ ವಯಸ್ಸಿನ ಬಗ್ಗೆ ವಾದವಿಲ್ಲ. ವಿಷಯ ಆರಿಸಿಕೊಳ್ಳುವಾಗ ಹೊಸ ಜಾಗದ ಆಸೆಗೆ ಬೀಳುವ ಮೊದಲು ಇದನ್ನು ಯೋಚಿಸಿ.

ಹಡಗಿನಲ್ಲಿ ಜಾಗ ಸಿಗಲು ವರ್ಷಗಳೇ ಬೇಕಾಗಬಹುದು. ಕಾಯುತ್ತ ಕೂರಬೇಡಿ. ಅಮೆರಿಕದ ಲಾಮಾಂಟ್-ಡೊಹರ್ಟಿ, ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಗಳು, ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಂಥ ಕಡೆ ಹಳೆಯ ಯಾನಗಳ ಕಲ್ಲುಗಳ ಸಂಗ್ರಹಾಲಯಗಳಿವೆ, ಸಂಶೋಧನೆಗೆ ಮಾದರಿ ಕೊಡುತ್ತವೆ. ಕೋರಿಕೆಯಲ್ಲಿ ಯಾನದ ಹೆಸರು, ಡ್ರೆಜ್ ಸಂಖ್ಯೆ, ಬೇಕಾದ ಭಾಗ ಗಾಜೇ ಒಳಭಾಗವೇ, ಎಷ್ಟು ಗ್ರಾಂ, ಯಾವ ಅಳತೆಗೆ, ಇಷ್ಟನ್ನು ಒಂದು ಪುಟದಲ್ಲಿ ಸ್ಪಷ್ಟವಾಗಿ ಬರೆಯಿರಿ. ಅಗತ್ಯಕ್ಕಿಂತ ಹೆಚ್ಚು ಕೇಳಬೇಡಿ. ಕಲ್ಲಿನ ಜೊತೆಗೆ ಆ ಯಾನದ ಡೆಕ್ ದಾಖಲೆಯ ಪ್ರತಿಯನ್ನೂ ಕೇಳಿ ತರಿಸಿಕೊಳ್ಳಿ.