ಲಾಕ್‌ಡೌನ್ ಮೇಲೆ ಲಾಕ್‌ಡೌನ್ ಬಂದ್ರೆ ಮನೇಲಿರೋರ ಮನಸ್ಸು ನೋಡ್ಕೊಳೋದು ಹೆಂಗೆ

2020ರ ಮಾರ್ಚ್ 25ರಿಂದ 21 ದಿನ ಅಂದಾಗ ನಮ್ಮ ಮೈಸೂರಿನ ಬೀದೀಲಿ ಎಲ್ರೂ ದಸರಾ ರಜೆ ಸಿಕ್ದಂಗೆ ಇದ್ರು, ಚೌಕಾಬಾರ ಮಣೆ ಅಟ್ಟದಿಂದ ಇಳೀತು. ಮೇ 31ರ ತನಕ ಎಳೆದ್ರೂ ತಡ್ಕೊಂಡ್ವಿ. ಕುಗ್ಗಿದ್ದು 2021ರಲ್ಲಿ, ಏಪ್ರಿಲ್ 27ಕ್ಕೆ ಮತ್ತೆ ಬಂದ್, ಜೂನ್ 21ಕ್ಕೆ ಬೇರೆ ಜಿಲ್ಲೆಗಳಿಗೆ ಸಡಿಲ ಕೊಟ್ರೂ ಮೈಸೂರಿಗೆ ಸಿಗ್ಲಿಲ್ಲ. ಯಾವಾಗ ಮುಗಿಯುತ್ತೆ ಅಂತ ಗೊತ್ತಿಲ್ದೆ ಕಾಯೋದಿದೆಯಲ್ಲ, ಅದೇ ತಿನ್ನೋದು.

ಮೊದಲು ಗಮನಿಸ್ಬೇಕಾದ್ದು ಕೂಗಾಡೋರನ್ನಲ್ಲ, ಸುಮ್ನಾದೋರನ್ನ. ನಮ್ಮಪ್ಪ ಕುಕ್ಕರಹಳ್ಳಿ ಕೆರೆ ವಾಕಿಂಗ್ ಗಿರಾಕಿ, ಎರಡನೇ ಸಲ ಟೆರೇಸಿಗೂ ಹತ್ಲಿಲ್ಲ, ಕೇಳಿದ್ರೆ "ಏನೂ ಇಲ್ಲ ಕಣೋ" ಅನ್ನೋರು. ಡಿಕಾಕ್ಷನ್ ನೀರಾಗಿದೆ ಅಂತ ಅಮ್ಮನ್ನ ಬೈಯೋದು ನಿಲ್ಲಿಸಿದಾಗ್ಲೇ ನಮಗೆ ಗೊತ್ತಾಗಿದ್ದು. ಆದ್ರಿಂದ "ಊಟ ಆಯ್ತಾ" ಅಂತ ಕೇಳ್ಬೇಡಿ, ಎಲ್ರೂ ಆಯ್ತು ಅಂತಾರೆ, "ರಾತ್ರಿ ಎಷ್ಟೊತ್ತಿಗೆ ನಿದ್ದೆ ಬಂತು" ಅಂತ ಕೇಳಿ.

ಎದ್ದೇಳೋ ಟೈಮ್ ಒಂದನ್ನ ಗಟ್ಟಿಯಾಗಿ ಹಿಡ್ಕೊಳಿ, ಮಲಗೋದು ಹೆಚ್ಚುಕಮ್ಮಿ ಆದ್ರೂ ಸರಿ, ಎದ್ದು ಅರ್ಧ ಗಂಟೆ ಬಿಸಿಲಲ್ಲಿ ನಿಂತ್ರೆ ರಾತ್ರಿ ನಿದ್ದೆ ತಾನಾಗೇ ದಾರಿಗೆ ಬರುತ್ತೆ. ಟಿವಿ ನ್ಯೂಸ್ ದಿನಕ್ಕೆ ಒಂದ್ಸಲ ಸಾಕು, ಮಲಗೋ ಮುಂಚೆ ಬೇಡ. ಕೆಲಸ ಇದ್ರೆ ಇನ್ನೂ ಒಳ್ಳೇದು, ಮಂಡ್ಯ ಕಡೆ ನಮ್ಮ ನೆಂಟರ ಮನೆಗೆ ಬೆಂಗ್ಳೂರಿಂದ ವಾಪಸ್ ಬಂದ ಹುಡುಗ್ರಲ್ಲಿ ಹಸು, ಗದ್ದೆ ಅಂತ ಓಡಾಡ್ಕೊಂಡಿದ್ದೋರು ಫೋನ್ ಹಿಡ್ಕೊಂಡು ಜಗಲೀಲಿ ಕೂತೋರಿಗಿಂತ ಚೆನ್ನಾಗಿದ್ರು.

ಇನ್ನೊಂದು, ದಿನಾ ಜೋರಾಗಿ ಕುಡಿಯೋರಿಗೆ ಅಂಗಡಿ ಮುಚ್ಚಿ ಎಣ್ಣೆ ಒಮ್ಮೆಲೇ ನಿಂತ್ರೆ ಕೈ ನಡುಗುತ್ತೆ, ಫಿಟ್ಸ್ ಬರ್ಬಹುದು. ಬಿಟ್ಟ ಅಂತ ಖುಷಿ ಪಡ್ಬೇಡಿ, ಆಸ್ಪತ್ರೆಗೆ ಕರ್ಕೊಂಡೋಗಿ.

ಬೇಜಾರು, ನಿದ್ದೆಗೆಡೋದು, ಯಾವುದ್ರಲ್ಲೂ ಮನಸ್ಸಿಲ್ದಿರೋದು ಎರಡು ವಾರ ದಾಟಿದ್ರೆ ಡಾಕ್ಟ್ರಿಗೆ ತೋರ್ಸಿ. ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿಮಾನಸ್ ಇದೆ, ನಂಬರ್ 14416, ಫ್ರೀ, 24 ಗಂಟೆನೂ ಕನ್ನಡದಲ್ಲೇ ಮಾತಾಡ್ತಾರೆ. ಸಾಯ್ಬೇಕು ಅನ್ನೋ ಮಾತು ಬಂದ್ರೆ ಮಾತ್ರ ಎರಡು ವಾರ ಕಾಯ್ಬೇಡಿ, ಆವತ್ತೇ.

ಲಾಕ್‌ಡೌನ್ ತೆಗೆದ ತಕ್ಷಣ ಎಲ್ಲ ಸರಿಹೋಗುತ್ತೆ ಅಂದ್ಕೊಂಡಿದ್ವಿ, ಇಲ್ಲ, ಅಪ್ಪಂಗೆ ಹೊರಗೆ ಹೋಗೋಕೇ ಭಯ. ಮೊದಲ ವಾರ ಗೇಟ್ ತನಕ, ಆಮೇಲೆ ಹಾಲಿನ ಬೂತ್ ತನಕ ಜೊತೇಲಿ ಹೋದ್ವಿ. ಕೆರೆ ಏರಿಗೆ ಹೋಗೋಷ್ಟ್ರಲ್ಲಿ ಒಂದೂವರೆ ತಿಂಗಳು ಆಯ್ತು, ಅದೂ ಅವರೇ ಚಪ್ಪಲಿ ಹಾಕ್ಕೊಂಡ ದಿನ.