ಹೊಸ ಲ್ಯಾಪ್‌ಟಾಪ್ ಮನೆಯ ನೆಟ್‌ವರ್ಕ್‌ನಲ್ಲಿ ಕಾಣಿಸದಿದ್ದಾಗ

ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ಇಂಟರ್ನೆಟ್ ಚೆನ್ನಾಗಿ ಬರುತ್ತಿತ್ತು. ಆದರೆ ಮನೆಯ ಬೇರೆ ಕಂಪ್ಯೂಟರ್‌ಗಳಿಗೆ ಅದು ಕಾಣುತ್ತಲೇ ಇರಲಿಲ್ಲ.

ಮೊದಲು ವೈಫೈ ಸೆಟ್ಟಿಂಗ್ ನೋಡಿದೆ. ನೆಟ್‌ವರ್ಕ್ 'ಪಬ್ಲಿಕ್' ಎಂದಿತ್ತು, ಅಂದರೆ ಲ್ಯಾಪ್‌ಟಾಪ್ ಬೇರೆಯವಕ್ಕೆ ಕಾಣದಂತೆ ಇಡುವ ಸೆಟ್ಟಿಂಗ್. ಹೊಸ ವೈಫೈಗೆ ಸೇರಿದಾಗ ಸಾಮಾನ್ಯವಾಗಿ ಹಾಗೇ ಇರುತ್ತದೆ. ಅದನ್ನು 'ಪ್ರೈವೇಟ್' ಮಾಡಿ, ನೆಟ್‌ವರ್ಕ್ ಡಿಸ್ಕವರಿ ಮತ್ತು ಫೈಲ್ ಶೇರಿಂಗ್ ಆನ್ ಮಾಡಿದೆ. ಈಗ ಲ್ಯಾಪ್‌ಟಾಪ್‌ಗೆ ಉಳಿದವು ಕಂಡವು, ಉಳಿದವಕ್ಕೆ ಲ್ಯಾಪ್‌ಟಾಪ್ ಮಾತ್ರ ಇನ್ನೂ ಕಾಣಲಿಲ್ಲ.

ಇಲ್ಲಿ ಒಂದು ಪರೀಕ್ಷೆ ತುಂಬಾ ಉಪಯೋಗಕ್ಕೆ ಬಂತು. ಹಳೆ ಕಂಪ್ಯೂಟರ್‌ನ ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸ ಪಟ್ಟಿಯಲ್ಲಿ ಎರಡು ಹಿಂಬದಿ ಗೀಟು (\\) ಹಾಕಿ, ಲ್ಯಾಪ್‌ಟಾಪ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಟೈಪ್ ಮಾಡಿದೆ. ಫೋಲ್ಡರ್ ತೆರೆಯಿತು! ಅಂದರೆ ದಾರಿ ಸರಿಯಿದೆ, ಲ್ಯಾಪ್‌ಟಾಪ್ ತನ್ನ ಹೆಸರು ಹೇಳಿಕೊಳ್ಳುತ್ತಿಲ್ಲ, ಅಷ್ಟೇ. ಆ ಕೆಲಸ ಮಾಡುವುದು 'ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್' ಎಂಬ ಸರ್ವೀಸ್, ಅಂದರೆ ವಿಂಡೋಸ್‌ನ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ. ಅದು ನಿಂತಿತ್ತು. ವಿಂಡೋಸ್‌ನ 'ಸರ್ವೀಸಸ್' ಆ್ಯಪ್‌ಗೆ ಹೋಗಿ ಅದನ್ನು 'ಆಟೊಮ್ಯಾಟಿಕ್' ಮಾಡಿ ಸ್ಟಾರ್ಟ್ ಮಾಡಿದೆ. ಸ್ವಲ್ಪ ಹೊತ್ತಿನಲ್ಲೇ ಹೆಸರು ಎಲ್ಲ ಕಡೆ ಬಂತು.

ಇದಕ್ಕಾಗಿ ಎಸ್‌ಎಂಬಿ 1 (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ಹಳೆಯ ವಿಧಾನ) ಆನ್ ಮಾಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಬೇಡ. 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹರಡಿದ್ದು ಅದರಲ್ಲಿದ್ದ ದೋಷದಿಂದಲೇ. ಇನ್ನೊಂದು ವಿಷಯ, ಬೇರೆ ಕಂಪ್ಯೂಟರ್‌ನಿಂದ ಫೋಲ್ಡರ್ ತೆರೆಯುವಾಗ ಲ್ಯಾಪ್‌ಟಾಪ್‌ಗೆ ಲಾಗಿನ್ ಆಗಲು ಬಳಸುವ ಪಿನ್ ನಡೆಯುವುದಿಲ್ಲ, ಖಾತೆಯ ಪಾಸ್‌ವರ್ಡ್ ಕೊಡಬೇಕು.