ಡ್ಯೂಟಿ ಮುಗಿದ ಮೇಲೆ ಮಾತಾಡೋಕೆ ನಾಲ್ಕು ಜನ: ನರ್ಸ್‌ಗಳು ಒಬ್ಬರಿಗೊಬ್ಬರು ಆಸರೆಯಾಗುವುದು ಹೇಗೆ

ಮಂಗಳೂರಿನಲ್ಲಿ ನರ್ಸ್‌ಗಳಿಗೇನೂ ಕಡಿಮೆ ಇಲ್ಲ. ಹಂಪನಕಟ್ಟೆ, ಕಂಕನಾಡಿ, ದೇರಳಕಟ್ಟೆ, ಆಚೆ ಮಣಿಪಾಲದ ತನಕ ಎಲ್ಲಿ ಬಸ್ಸು ಹತ್ತಿದರೂ ಬ್ಯಾಗಿನಲ್ಲಿ ಯೂನಿಫಾರ್ಮ್ ಇಟ್ಟುಕೊಂಡ ಒಬ್ಬರಾದರೂ ಸಿಗುತ್ತಾರೆ. ಆದರೆ ಕೆಲಸ ಸಾಕಪ್ಪಾ ಸಾಕು ಅನ್ನಿಸಿದ ದಿನ ಯಾರ ಹತ್ತಿರ ಹೇಳ್ತೀರಿ ಅಂತ ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಮನೆಗೆ ಫೋನ್ ಮಾಡಿ ಹೇಳಿದರೆ ಅಮ್ಮ 'ಬಿಟ್ಟು ಬಾ ಮಗಾ' ಅನ್ನುತ್ತಾರೆ. ಇಲ್ಲದಿದ್ದರೆ ಅಪ್ಪ 'ಯಾವ ಕೆಲಸದಲ್ಲಿ ಕಷ್ಟ ಇಲ್ಲ ಹೇಳು' ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು, ಆದರೆ ಎರಡೂ ಉಪಯೋಗಕ್ಕೆ ಬರುವುದಿಲ್ಲ. ರಾತ್ರಿ ಮೂರು ಗಂಟೆಗೆ ಐಸಿಯುವಿನಲ್ಲಿ ಏನಾಗುತ್ತದೆ ಅಂತ ಗೊತ್ತಿರುವುದು ಅಲ್ಲಿ ನಿಂತವರಿಗೆ ಮಾತ್ರ.

ಹಾಗಾಗಿ ನಮ್ಮ ಮಾತಿಗೆ ಕಿವಿ ಕೊಡಬೇಕಾದವರು ನಾವೇ. ಇದಕ್ಕೆ ದೊಡ್ಡ ಸಂಘ ಬೇಡ, ಆಡಳಿತದ ಅನುಮತಿಯೂ ಬೇಡ. ನಾಲ್ಕು ಜನ, ಒಂದು ಜಾಗ, ಎರಡು ಮೂರು ನಿಯಮ ಸಾಕು. ನಾನು ಈ ಕೆಲಸದಲ್ಲಿ ಇದ್ದುಕೊಂಡು ನೋಡಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಬೇಸರ ಯಾವುದರ ಮೇಲೆ ಅಂತ ನೋಡಿಕೊಳ್ಳಿ

'ನನಗೆ ಈ ನರ್ಸಿಂಗೇ ಬೇಡ' ಅನ್ನುವವರ ಹತ್ತಿರ ಸ್ವಲ್ಪ ಹೊತ್ತು ಕೂತು ಮಾತಾಡಿದರೆ ಬೇಡವಾಗಿರುವುದು ನರ್ಸಿಂಗ್ ಅಲ್ಲ ಅಂತ ಎಷ್ಟೋ ಸಲ ಗೊತ್ತಾಗುತ್ತದೆ. ಒಬ್ಬರಿಗೆ ಆ ವಾರ್ಡ್ ಬೇಡ. ಇನ್ನೊಬ್ಬರಿಗೆ ಆ ಆಸ್ಪತ್ರೆ ಬೇಡ. ಮತ್ತೊಬ್ಬರಿಗೆ ರೋಗಿಯ ಕೆಲಸ ಎಷ್ಟಿದ್ದರೂ ಬೇಸರವಿಲ್ಲ, ಆದರೆ ಡಿಸ್ಚಾರ್ಜ್ ಫೈಲ್, ಬಿಲ್ಲಿಂಗ್ ಕ್ಲಿಯರೆನ್ಸ್, ಫಾರ್ಮಸಿಗೆ ಇಂಡೆಂಟ್ (ಔಷಧಿ ಬೇಡಿಕೆ ಚೀಟಿ), ಇನ್ಶೂರೆನ್ಸ್ ಕಾಗದ, ಇದರಲ್ಲೇ ಶಿಫ್ಟ್ ಕಳೆದು ರೋಗಿಯ ಮುಖ ಸರಿಯಾಗಿ ನೋಡದೆ ಮನೆಗೆ ಹೋಗಬೇಕಾಗುತ್ತದಲ್ಲ, ಅದು ಸಹಿಸುವುದಿಲ್ಲ. ಮೂರಕ್ಕೂ ದಾರಿ ಬೇರೆ ಬೇರೆ. ವಾರ್ಡ್ ಬದಲಿಸಿ ಅಂತ ಕೇಳಬೇಕಾದ ಕಡೆ ರಾಜೀನಾಮೆ ಕೊಡುವುದು ಬೇಡ ಅಲ್ವಾ?

ಅದಕ್ಕೇ ಒಂದೆರಡು ವಾರ ಡ್ಯೂಟಿ ಮುಗಿದ ಕೂಡಲೇ ಒಂದೇ ಒಂದು ಸಾಲು ಬರೆದಿಡಿ. ಡೈರಿ ಬೇಡ, ಫೋನಿನಲ್ಲಿ ಸಾಕು. ಇವತ್ತು ಯಾವ ಗಳಿಗೆಯಲ್ಲಿ ಸಾಕು ಅನ್ನಿಸಿತು, ಯಾಕೆ. ಆಮೇಲೆ ಒಟ್ಟಿಗೆ ಓದಿ ನೋಡಿ. ಒಂದೇ ವಿಷಯ ಮತ್ತೆ ಮತ್ತೆ ಬರುತ್ತದೆ.

ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನುವುದನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ತನ್ನ ಪಟ್ಟಿಯಲ್ಲಿ ಸೇರಿಸಿತು. ಅದು ಕಾಯಿಲೆ ಅಲ್ಲ ಅಂತಲೂ ಹೇಳಿತು. ಅದಕ್ಕೆ ಮೂರು ಗುರುತು: ಮೈಮನಸ್ಸು ಪೂರ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗಿ ಎಲ್ಲದರ ಮೇಲೂ ಕಹಿ ಹುಟ್ಟುವುದು, ತಾನು ಮಾಡುವ ಕೆಲಸ ಸರಿಯಾಗುತ್ತಿಲ್ಲ ಅನ್ನಿಸುವುದು. ಕಾರಣ ಅಂತ ಹೇಳಿರುವುದು ಸರಿಯಾಗಿ ನಿಭಾಯಿಸದೆ ಬಿಟ್ಟ, ದಿನಗಟ್ಟಲೆ ಎಳೆಯುವ ಕೆಲಸದ ಒತ್ತಡ. 'ನೀನು ಸ್ವಲ್ಪ ಗಟ್ಟಿಯಾಗಬೇಕು' ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಟ್ಟುಕೊಳ್ಳಿ.

ಯಾರು, ಎಲ್ಲಿ, ಯಾವಾಗ

ಮೂರರಿಂದ ಐದು ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಚಹಾ ಕುಡಿದು ಹೋಗುತ್ತಾರೆ. ಒಂದೇ ಬ್ಯಾಚಿನ ಗೆಳತಿಯರು ಮಾತ್ರ ಬೇಡ. ಒಬ್ಬರು ಹತ್ತು ವರ್ಷ ಸರ್ವೀಸ್ ಆದವರು ಇರಲಿ, ಒಬ್ಬಳು ಮೊನ್ನೆ ಮೊನ್ನೆ ಸೇರಿದವಳು ಇರಲಿ. ಗಂಡಸರೂ ಇರಲಿ, ಬ್ರದರ್‌ಗಳು ಇಂಥ ವಿಷಯ ಬಾಯಿಬಿಡುವುದು ಇನ್ನೂ ಕಡಿಮೆ. ಆದರೆ ನಿಮ್ಮ ರೋಸ್ಟರ್ ಹಾಕುವ ಇನ್‌ಚಾರ್ಜ್ ಸಿಸ್ಟರನ್ನು ಅದೇ ಗುಂಪಿಗೆ ಕರೆಯಬೇಡಿ, ಅವರು ಎಷ್ಟೇ ಒಳ್ಳೆಯವರಾದರೂ. ಯಾರಿಗೆ ಯಾವಾಗ ನೈಟ್ ಅಂತ ಬರೆಯುವವರ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಇನ್‌ಚಾರ್ಜ್‌ಗಳಿಗೂ ಕಷ್ಟ ಇದೆ, ಮೇಲಿನಿಂದಲೂ ಬೈಗುಳ, ಕೆಳಗಿನಿಂದಲೂ ಗೊಣಗಾಟ. ಅವರು ಬೇರೆ ಆಸ್ಪತ್ರೆಯ ಇನ್‌ಚಾರ್ಜ್‌ಗಳ ಜೊತೆ ತಮ್ಮದೇ ಗುಂಪು ಮಾಡಿಕೊಂಡರೆ ಒಳ್ಳೆಯದು.

ಭಾಷೆಯ ವಿಷಯ ನಮ್ಮ ಊರಿನಲ್ಲಿ ಸಣ್ಣದಲ್ಲ. ನಾಲ್ಕು ಜನ ಸೇರಿದರೆ ಒಬ್ಬರಿಗೆ ತುಳು, ಒಬ್ಬರಿಗೆ ಕೊಂಕಣಿ, ಒಬ್ಬಳು ಕಾಸರಗೋಡಿನ ಮಲಯಾಳಿ, ಒಬ್ಬಳು ಹಾವೇರಿಯವಳು. ದುಃಖ ಬಂದಾಗ ಎಲ್ಲರ ಬಾಯಿಗೂ ಬರುವುದು ಮನೆ ಮಾತು. ಬರಲಿ, ತಡೆಯಬೇಡಿ. ಆದರೆ ಮೂವರು ತುಳುವಿನಲ್ಲಿ ನಗುತ್ತಿರುವಾಗ ಹಾವೇರಿಯ ಹುಡುಗಿ ಫೋನ್ ನೋಡುತ್ತಾ ಕೂತರೆ ಅವಳು ಮುಂದಿನ ಸಲ ಬರುವುದಿಲ್ಲ. ಪಕ್ಕದಲ್ಲಿರುವವರು ಕನ್ನಡದಲ್ಲಿ ಒಂದೆರಡು ಮಾತು ಹೇಳಿಬಿಡಿ. ಪಿಜಿಯಲ್ಲಿ ಒಬ್ಬಳೇ ಇರುವವಳಿಗೆ ನಿಮ್ಮೆಲ್ಲರಿಗಿಂತ ಈ ಗುಂಪಿನ ಅಗತ್ಯ ಜಾಸ್ತಿ.

ಜಾಗ ಆಸ್ಪತ್ರೆಯ ಕ್ಯಾಂಟೀನ್ ಆಗಬಾರದು. ಪಕ್ಕದ ಟೇಬಲ್ಲಿನಲ್ಲಿ ಯಾರಿದ್ದಾರೆ ಗೊತ್ತಾಗುವುದಿಲ್ಲ. ಮಳೆಯಿಲ್ಲದಾಗ ಕದ್ರಿ ಪಾರ್ಕ್ ಆಯಿತು, ಉಡುಪಿ ಕಡೆಯವರಿಗೆ ಮಲ್ಪೆ ಆಯಿತು. ಜೂನ್ ಬಂದರೆ ಯಾರದ್ದಾದರೂ ರೂಮ್, ಇಲ್ಲವೇ ಮಧ್ಯಾಹ್ನ ಮೂರು ಗಂಟೆಯ ಖಾಲಿ ಹೋಟೆಲಿನ ಮೂಲೆ. ಸಮಯ ಮಾರ್ನಿಂಗ್ ಡ್ಯೂಟಿ ಮುಗಿದ ಮೇಲೆ ಇಟ್ಟರೆ ಎಲ್ಲರಿಗೂ ಬಸ್ಸು ಸಿಗುತ್ತದೆ. ತಿಂಗಳಿಗೆ ಎರಡು ಸಲ, ರೋಸ್ಟರ್ ಬಂದ ದಿನವೇ ತಾರೀಕು ಗುರುತು ಹಾಕಿ. ಐದರಲ್ಲಿ ಮೂವರಿಗೇ ಆಗುವುದಾದರೆ ಮೂವರೇ ಕೂತುಕೊಳ್ಳಿ. ಎಲ್ಲರಿಗೂ ಆಫ್ ಸಿಗುವ ದಿನಕ್ಕೆ ಕಾದರೆ ಆ ದಿನ ಬರುವುದೇ ಇಲ್ಲ.

ವಾಟ್ಸಾಪ್ ಗ್ರೂಪ್ ಮಾಡಿದರೆ ತಾರೀಕು ತಿಳಿಸಲು ಮಾತ್ರ ಇಟ್ಟುಕೊಳ್ಳಿ. ಕಷ್ಟ ಸುಖ ಅದರಲ್ಲಿ ಬೇಡ. ಒಂದು ಸ್ಕ್ರೀನ್‌ಶಾಟ್ ಸಾಕು, ನಾಲ್ಕು ಜನರ ನಂಬಿಕೆ ಹೋಗಲು.

ಕೂತಾಗ ಹೇಗೆ ಮಾತಾಡುವುದು

ಇದೇ ಮುಖ್ಯ ಭಾಗ. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನೆ ಕೇಳಬೇಕು. ನಮಗೆ ಇದು ತುಂಬಾ ಕಷ್ಟ, ಯಾಕೆಂದರೆ ನಮ್ಮ ಕೆಲಸವೇ ಏನಾದರೂ ಮಾಡುವುದು. ಯಾರಾದರೂ ನೋವು ಅಂದ ಕೂಡಲೇ ಕೈ ಔಷಧಿ ಹುಡುಕುತ್ತದೆ. ಅದಕ್ಕೆ ಮೊದಲೇ ಒಂದು ಪ್ರಶ್ನೆ ಕೇಳಿಬಿಡಿ: 'ಬರೀ ಕೇಳಿಸಿಕೊಳ್ಳಬೇಕಾ, ಇಲ್ಲ ಏನು ಮಾಡಬಹುದು ಅಂತ ಹೇಳಬೇಕಾ?' ಈ ಒಂದು ಪ್ರಶ್ನೆಯಿಂದ ಅರ್ಧ ಜಗಳ ತಪ್ಪುತ್ತದೆ.

ರೋಗಿಯ ಹೆಸರು, ಬೆಡ್ ನಂಬರ್, ಊರು ಹೇಳಬಾರದು. ಮಂಗಳೂರು ದೊಡ್ಡ ಊರಿನ ಹಾಗೆ ಕಾಣುತ್ತದೆ ಅಷ್ಟೆ, ಒಂದು ಸುಳಿವು ಸಿಕ್ಕಿದರೆ ಯಾರ ಮನೆಯವರು ಅಂತ ಗೊತ್ತಾಗಿಬಿಡುತ್ತದೆ. 'ನಮ್ಮ ಕಾಲದಲ್ಲಿ ಇದಕ್ಕಿಂತ ಕಷ್ಟ ಇತ್ತು' ಅನ್ನುವ ಮಾತೂ ಬೇಡ. ಸೀನಿಯರ್‌ಗಳಿಗೆ ಕೈ ಮುಗಿದು ಕೇಳುತ್ತೇನೆ, ಈ ಒಂದು ಮಾತು ನುಂಗಿಕೊಳ್ಳಿ.

ಒಂದು ಉದಾಹರಣೆ ಹೇಳುತ್ತೇನೆ. ನೈಟ್‌ನಲ್ಲಿ ಒಬ್ಬರು ಅಜ್ಜ ತೀರಿಕೊಂಡರು. ಸಿಪಿಆರ್, ಅಂದರೆ ನಿಂತ ಹೃದಯ ನಡೆಸಲು ಎದೆ ಒತ್ತುವ ಕೆಲಸ, ಮಾಡಿದವಳು ಕೆಲಸಕ್ಕೆ ಸೇರಿ ಆರು ತಿಂಗಳೂ ಆಗದ ಹುಡುಗಿ. ಬೆಳಿಗ್ಗೆ ಹ್ಯಾಂಡೋವರ್ ಎಲ್ಲ ಕೊಟ್ಟಳು, ಗಂಟಲು ಕೂಡ ನಡುಗಲಿಲ್ಲ. ಆಮೇಲೆ ತುರ್ತು ಔಷಧಿ ಇಡುವ ಕ್ರ್ಯಾಶ್ ಕಾರ್ಟ್ ಮುಂದೆ ನಿಂತು ಅಡ್ರಿನಲಿನ್ ಆಂಪ್ಯೂಲ್ ಎಣಿಸಿದಳು, ಮತ್ತೆ ಎಣಿಸಿದಳು, ಮತ್ತೆ ಎಣಿಸಿದಳು. ಡ್ಯೂಟಿಗೆ ಬಂದ ಸೀನಿಯರ್ ಅದನ್ನು ನೋಡಿ ಹತ್ತಿರ ಹೋಗಿ ನಿಂತರು. 'ಬೇಜಾರು ಮಾಡ್ಬೇಡ' ಅಂತ ಹೇಳಲಿಲ್ಲ. 'ಎಂತ ತಿಂದಿದ್ದಿ ಮಾರಾಯ್ತಿ ರಾತ್ರಿಯಿಂದ?' ಅಂತ ಕೇಳಿದರು. 'ಎಂತದೂ ಇಲ್ಲ ಅಕ್ಕಾ' ಅಂದಳು. 'ಎಣಿಕೆ ನಾನು ಮಾಡ್ತೇನೆ, ನೀನು ಇಲ್ಲಿ ಕೂತ್ಕೊ.' ಸ್ಟೂಲ್ ಎಳೆದು ಕೂರಿಸಿ, ತಮ್ಮ ಡಬ್ಬಿಯಿಂದ ಎರಡು ಇಡ್ಲಿ ಕೊಟ್ಟು, ಎಣಿಕೆ ಮುಗಿಸಿ ಸಹಿ ಹಾಕಿದರು. ಅವಳು ಇಡ್ಲಿ ತಿನ್ನುತ್ತಾ ಅತ್ತಳು. ಆಮೇಲೆ 'ನನ್ನ ಕಂಪ್ರೆಷನ್ ಸರಿ ಇರಲಿಲ್ಲವಾ ಅಕ್ಕಾ' ಅಂತ ಕೇಳಿದಳು, ಎದೆ ಒತ್ತಿದ್ದು ಸರಿಯಾಗಲಿಲ್ಲವಾ ಅಂತ. ಎಲ್ಲದಕ್ಕಿಂತ ಕೆಳಗೆ ಇದ್ದದ್ದು ಈ ಪ್ರಶ್ನೆ. ಅದು ಹೊರಗೆ ಬರದೆ ಹೋಗಿದ್ದರೆ ರೂಮಿನಲ್ಲಿ ಅವಳ ಜೊತೆ ಮಲಗುತ್ತಿತ್ತು.

ಸಾಯುವುದು, ಕೋಡ್ ಬ್ಲೂ (ರೋಗಿಯ ಹೃದಯ ಅಥವಾ ಉಸಿರು ನಿಂತಾಗ ಕೊಡುವ ತುರ್ತು ಕರೆ), ರೋಗಿಯ ಕಡೆಯವರು ಬೈದದ್ದು, ಔಷಧಿ ಕೊಡುವುದರಲ್ಲಿ ಏರುಪೇರಾದದ್ದು, ಇಂಥವಕ್ಕೆಲ್ಲ ಗುಂಪು ಮುಂದೆ ಸೇರುವ ದಿನಕ್ಕೆ ಕಾಯಬೇಡಿ. ಅದೇ ದಿನ ಹತ್ತು ನಿಮಿಷ. ನೀರು, ತಿನ್ನಲು ಏನಾದರೂ, ಮನೆಗೆ ಒಬ್ಬಳೇ ಹೋಗುತ್ತಿದ್ದಾಳಾ ಅನ್ನುವುದು, ಸಂಜೆ ಒಂದು ಫೋನ್. ಸ್ಕೂಟಿಯಲ್ಲಿ ಬಂದವಳಾದರೆ ಅವತ್ತು ಕೀ ಇಸಿದುಕೊಂಡು ಬಸ್ಸಿಗೆ ಹತ್ತಿಸಿ. ನಿದ್ದೆಯೂ ಇಲ್ಲದೆ, ಮನಸ್ಸೂ ಸರಿ ಇಲ್ಲದೆ ಪಂಪ್‌ವೆಲ್ ಟ್ರಾಫಿಕ್ಕಿನಲ್ಲಿ ಗಾಡಿ ಓಡಿಸುವುದು ಬೇಡ.

ಬರೀ ಗೊಣಗಾಟ ಆಗದ ಹಾಗೆ

ಕೇಳಿಸಿಕೊಂಡರೆ ಭಾರ ಇಳಿಯುತ್ತದೆ, ನಿಜ. ಆದರೆ ಸ್ಟಾಫ್ ಕೊರತೆ ಕೇಳಿಸಿಕೊಂಡರೆ ಹೋಗುವುದಿಲ್ಲ. ಅದಕ್ಕೆ ಕೊನೆಯ ಕಾಲು ಗಂಟೆ 'ಇದರಲ್ಲಿ ಯಾವುದನ್ನು ಕಾಗದದ ಮೇಲೆ ತರಬಹುದು' ಅಂತ ನೋಡಿ. ಒಂದೇ ಒಂದು ವಿಷಯ ಆರಿಸಿ. ಇವತ್ತು ಎಷ್ಟು ರೋಗಿಗಳಿದ್ದರು, ಎಷ್ಟು ಸ್ಟಾಫ್ ಇದ್ದೆವು, ಯಾವ ಕೆಲಸ ತಡವಾಯಿತು, ಇಷ್ಟನ್ನು ತಾರೀಕು ಹಾಕಿ ಬರೆದುಕೊಂಡು ಬನ್ನಿ. ಒಂದು ತಿಂಗಳ ಇಂಥ ಲೆಕ್ಕ ಹಿಡಿದುಕೊಂಡು ನಾಲ್ಕು ಜನ ಒಟ್ಟಿಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಹೋದರೆ ಮಾತಿನ ತೂಕವೇ ಬೇರೆ. ಒಬ್ಬಳೇ ಹೋಗಿ ಅತ್ತು ಬಂದರೆ 'ಆ ಹುಡುಗಿ ಸ್ವಲ್ಪ ವೀಕ್' ಅಂತ ಹೆಸರು ಬರುತ್ತದೆ. ಅರ್ಜಿಯಲ್ಲಿ ರೋಗಿಯ ಸುರಕ್ಷತೆಯನ್ನು ಮೊದಲು ಬರೆಯಿರಿ, ನಿಮ್ಮ ಸುಸ್ತನ್ನು ಆಮೇಲೆ. ಪ್ರತಿ ಇಟ್ಟುಕೊಳ್ಳಿ, ಸ್ವೀಕೃತಿ ಸಹಿ ತೆಗೆದುಕೊಳ್ಳಿ.

ಕೆಲವು ವಿಷಯ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರಬೇಕು. ಹಲ್ಲೆ ಆದರೆ ಅದನ್ನು 'ಕೆಲಸದ ಭಾಗ' ಅಂತ ನುಂಗಿಕೊಳ್ಳಬೇಕಾಗಿಲ್ಲ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಿಂಸೆ ತಡೆಯಲು ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ, ನರ್ಸ್‌ಗಳೂ ಅದರಲ್ಲಿ ಸೇರಿದ್ದಾರೆ. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು, ದೂರು ಸಾಮಾನ್ಯವಾಗಿ ಮೂರು ತಿಂಗಳ ಒಳಗೆ ಕೊಡಬೇಕು. ನಿಮ್ಮ ಆಸ್ಪತ್ರೆಯ ಸಮಿತಿಯಲ್ಲಿ ಯಾರಿದ್ದಾರೆ ಅಂತ ಈಗಲೇ ಕೇಳಿ ತಿಳಿದುಕೊಳ್ಳಿ, ಏನಾದರೂ ಆದ ಮೇಲೆ ಹುಡುಕುವುದು ಕಷ್ಟ.

ಸಂಬಳದ ವಿಷಯ. ಖಾಸಗಿ ಆಸ್ಪತ್ರೆಯ ನರ್ಸ್‌ಗಳ ಸ್ಥಿತಿ ನೋಡಲು ಒಂದು ಸಮಿತಿ ಮಾಡಿ ಅಂತ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಕೇಂದ್ರ ಸರ್ಕಾರಕ್ಕೆ ಹೇಳಿತು. ಆ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆ ಇರುವ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಅಂತ ಶಿಫಾರಸು ಮಾಡಿತು. ಇದು ಶಿಫಾರಸು, ಜಾರಿ ರಾಜ್ಯಗಳ ಕೈಯಲ್ಲಿದೆ. ಹಾಗಿದ್ದರೂ ಸಂಬಳ ಜಾಸ್ತಿ ಕೇಳುವಾಗ ತಗ್ಗಿ ಬಗ್ಗಿ ದಯೆ ಕೇಳುವ ಹಾಗೆ ಕೇಳಬೇಕಾಗಿಲ್ಲ ಅಂತ ಹೇಳಲು ಇಷ್ಟು ಸಾಕು.

ಗುಂಪಿನ ಕೈ ಮೀರಿದಾಗ

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಎದ್ದು ಯೂನಿಫಾರ್ಮ್ ಹಾಕುವಾಗಲೇ ಕೈ ನಡುಗುತ್ತದೆ, 'ನಾನಿಲ್ಲದಿದ್ದರೆ ಒಳ್ಳೆಯದಿತ್ತು' ಅನ್ನುವ ಮಾತು ಬರುತ್ತದೆ, ಅಥವಾ ವಾರ್ಡಿನ ಔಷಧಿ ತೆಗೆದು ನಿದ್ದೆ ಮಾಡುತ್ತಿದ್ದಾಳೆ, ಹೀಗಿದ್ದರೆ ಗೆಳತಿಯರು ಕೂತು ಮಾತಾಡಿ ಸರಿಮಾಡುವ ವಿಷಯ ಅಲ್ಲ. ಗುಟ್ಟು ಕಾಯುತ್ತೇವೆ ಅಂತ ಮಾತು ಕೊಟ್ಟಿದ್ದೇವೆ ನಿಜ, ಆದರೆ ಜೀವಕ್ಕೆ ಅಪಾಯ ಇದ್ದರೆ ಆ ಮಾತು ನಿಲ್ಲುವುದಿಲ್ಲ. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಿ. ಅವಳನ್ನು ಒಬ್ಬಳೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಕೆಲಸ ಮಾಡುವ ಆಸ್ಪತ್ರೆಯಲ್ಲೇ ಮನೋವೈದ್ಯರಿಗೆ ತೋರಿಸಲು ನಾಚಿಕೆಯಾದರೆ ಬೇರೆ ಕಡೆ ಕರೆದುಕೊಂಡು ಹೋಗಿ. ಊರಿನಲ್ಲಿ ಆಸ್ಪತ್ರೆಗೇನು ಬರವಿಲ್ಲ.

ಬಿಟ್ಟು ಹೋಗುವವರಿಗೆ

ಎಲ್ಲ ಮಾತಾಡಿ, ಎಲ್ಲ ಪ್ರಯತ್ನ ಮಾಡಿದ ಮೇಲೂ ಒಬ್ಬಳಿಗೆ ಹೋಗುವುದೇ ಸರಿ ಅನ್ನಿಸಬಹುದು. ಹೋಗಲಿ. 'ನಮ್ಮನ್ನು ಬಿಟ್ಟು ಹೋದಳು' ಅಂತ ಚುಚ್ಚಬೇಡಿ. ಸಿಟ್ಟಿನಲ್ಲಿ ನೈಟ್ ಮುಗಿಸಿ ಬಂದ ಬೆಳಿಗ್ಗೆ ರಾಜೀನಾಮೆ ಬರೆಯುವುದು ಮಾತ್ರ ಬೇಡ. ಒಂದು ಆಫ್ ಕಳೆದು, ನಿದ್ದೆ ಮಾಡಿ, ಆಮೇಲೂ ಅದೇ ಅನ್ನಿಸಿದರೆ ಬರೆಯಲಿ.

ಅದಕ್ಕೂ ಮೊದಲು ಗುಂಪಿನಲ್ಲಿ ಒಬ್ಬರು ಅವಳ ಜೊತೆ ಕೂತು ಅಪಾಯಿಂಟ್‌ಮೆಂಟ್ ಆರ್ಡರ್ ಪೂರ್ತಿ ಓದಿ. ನೋಟಿಸ್ ಎಷ್ಟು ದಿನ, ಬಾಂಡ್ (ಇಷ್ಟು ಕಾಲ ಬಿಡುವುದಿಲ್ಲ ಅಂತ ಬರೆದುಕೊಟ್ಟ ಕರಾರು) ಇದೆಯಾ, ಇದ್ದರೆ ಏನು ಬರೆದಿದೆ, ಬಾಕಿ ರಜೆ ಎಷ್ಟು. ಮೂಲ ಸರ್ಟಿಫಿಕೇಟ್ ಆಸ್ಪತ್ರೆಯಲ್ಲಿ ಇಟ್ಟಿದ್ದರೆ ವಾಪಸು ಕೊಡಿ ಅಂತ ಬರವಣಿಗೆಯಲ್ಲಿ ಕೇಳಿ. ಹೊಸದಾಗಿ ಸೇರುವ ತಂಗಿಯರಿಗೆ ಇದನ್ನು ಮೊದಲೇ ಹೇಳಿ: ಕೊಡುವುದು ಜೆರಾಕ್ಸ್ ಮಾತ್ರ, ಮೂಲ ತೋರಿಸಿ ಕೈಯಲ್ಲೇ ವಾಪಸು ತನ್ನಿ. ಗಲ್ಫ್, ಯುಕೆ, ಜರ್ಮನಿ ಅಂತ ಹೊರಟವರಿಗೆ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ತುಂಬಾ ಮುಖ್ಯ. ಅದರಲ್ಲಿ ಯಾವ ವಾರ್ಡ್, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಅಂತ ಸರಿಯಾಗಿ ಇದೆಯಾ ಅಂತ ಕೌಂಟರಿನಲ್ಲೇ ನಿಂತು ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿಕೊಂಡು ಬನ್ನಿ. ನರ್ಸಿಂಗ್ ಕೌನ್ಸಿಲ್ ನೋಂದಣಿಯ ಅವಧಿ ಮುಗಿದಿದೆಯಾ ಅಂತಲೂ ಆಗಲೇ ನೋಡಿಕೊಳ್ಳಿ.